ಡಾಕ್ಟ್ರ ಪ್ರಶ್ನೆ, ಗೀಗೀ ಉತ್ತರ

ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಮೇಲೆ ನಮ್ಮ ಬನಹಟ್ಟಿ ಓಣಿಯಲ್ಲಿ ಹಾಡು ಕಟ್ಟುತ್ತಾರೆ ಅಂದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. ಹೀರೋ ಮೇಲೆ ಕಟ್ಟಲಿ, ಕ್ರಿಕೆಟ್ ಮೇಲೆ ಕಟ್ಟಲಿ, ಕ್ವಿಜ್ ಮೇಲೆ ಏನು ಹಾಡು ಅಂತ. ನಾವು ಕಟ್ಟುತ್ತೇವೆ. ಧಾಟಿ ಯಾವುದೋ ಭಜನಾ ಪದದ್ದು, ಇಲ್ಲಾ ಗೀಗೀ ಪದದ್ದು. ಮಾತು ಮಾತ್ರ ನಮ್ಮವು.

ಕಾರ್ಯಕ್ರಮ ಶುರುವಾಗಿದ್ದು 2002ರಲ್ಲಿ. ನಡೆಸಿಕೊಡುವ ನಾ. ಸೋಮೇಶ್ವರ ಅವರು ವೈದ್ಯರು. ಹಾಗಾಗಿ ನಮ್ಮಲ್ಲಿ ಅವರು ಬರೀ ‘ಡಾಕ್ಟ್ರು’. ಬಹುಮಾನ ಕನ್ನಡ ಪುಸ್ತಕ. ಮಗ್ಗದ ಕೆಲಸ ಮುಗಿಸಿ ರೊಟ್ಟಿ ಮುರಿಯುತ್ತ ಕೂತವರು ತುತ್ತು ಬಾಯಲ್ಲಿಟ್ಟುಕೊಂಡೇ ಉತ್ತರ ಕೂಗುತ್ತಾರೆ. ತಪ್ಪಾದರೆ ತುತ್ತು ನುಂಗಿ ಸುಮ್ನಾಗುತ್ತಾರೆ. ಹಾಡು ಹುಟ್ಟಿದ್ದೇ ಆ ಸುಮ್ನಾದವರಿಂದ:

ಡಾಕ್ಟ್ರ ಕೇಳ್ಯಾರ ಪ್ರಶ್ನೆ, ಉತ್ತರ ಬಾಯಾಗ ಐತಿ
ಬಾಯಿಂದ ಹೊರಗ ಬರೂದ್ರಾಗ ವ್ಯಾಳ್ಯಾ ಮುಗದೈತಿ
ಗೀಯ ಗೀಯ, ಗಾಗಿಯ ಗೀಯ!

‘ಥಟ್’ ಅನ್ನುವಲ್ಲಿ ದಪ್ಪಿನ ಮೇಲೆ ಸರಿಯಾಗಿ ಪೆಟ್ಟು ಬಿದ್ದರೆ ಅರ್ಧ ಹಾಡು ಗೆದ್ದ ಹಾಗೆ. ಕಷ್ಟ ಇರುವುದು ಉತ್ತರಗಳನ್ನು ಧಾಟಿಗೆ ಕೂರಿಸುವುದರಲ್ಲಿ. ಇಮ್ಮಡಿ ಪುಲಿಕೇಶಿ ಸಲೀಸಾಗಿ ಕೂರುತ್ತಾನೆ, ಬಾದಾಮಿಯವನು, ನಮ್ಮವನೇ ಅಲ್ವಾ! ಚೆಕೊಸ್ಲೊವಾಕಿಯಾ ಮಾತ್ರ ಏನು ಮಾಡಿದರೂ ಕೂರಲಿಲ್ಲ. ಕೊನೆಗೆ ತುಂಡು ಮಾಡಿ ಎರಡು ಸಾಲಿಗೆ ಹಂಚಿದರು. 1993ರಲ್ಲಿ ಆ ದೇಶವೂ ಎರಡಾಯಿತಲ್ಲ, ಹಾಡಿಗೇನು ಅಂತ ನಮ್ಮ ಕವಿಗಳ ವಾದ.

ಇವರು ಕವಿಗಳು ಅಂತ ಎಲ್ಲೂ ಬರೆದಿಲ್ಲ. ಒಬ್ಬರು ಬಣ್ಣದ ಅಂಗಡಿಯ ಕಾಕಾ, ಇನ್ನೊಬ್ಬ ಬಿ.ಎ. ಎರಡನೇ ವರ್ಷದ ಹುಡುಗ. ಪವರ್‌ಲೂಮ್ ಸದ್ದಿನ ನಡುವೆ ಕಾಕಾ ಒಂದು ಸಾಲು ಕೂಗಿದರೆ ಹುಡುಗ ಮೊಬೈಲಿನಲ್ಲಿ ಬರೆದುಕೊಳ್ಳುತ್ತಾನೆ. ಅರ್ಧ ಕೇಳಿಸಿರುವುದಿಲ್ಲ. ಕೇಳಿಸದ ಅರ್ಧವನ್ನು ತಾನೇ ತುಂಬುತ್ತಾನೆ. ನನ್ನ ಕೇಳಿದರೆ ಆ ಅರ್ಧವೇ ಚೆನ್ನಾಗಿರುತ್ತದೆ. ಕಾಕಾನ ಎದುರು ಹೇಳುವಂತಿಲ್ಲ.

2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ಶುರು ಮಾಡಿದಾಗ ಓಣಿಗೆ ಓಣಿಯೇ ಟಿವಿ ಮುಂದೆ ಕೂತಿತ್ತು. ಆದರೂ ಅದರ ಮೇಲೆ ಇಲ್ಲಿ ಒಂದು ಹಾಡೂ ಹುಟ್ಟಲಿಲ್ಲ. ಕೋಟಿ ಅಂದ ಕೂಡಲೇ ಜನ ಗಂಭೀರವಾಗಿಬಿಡುತ್ತಾರೆ, ಸಾಲದ ಲೆಕ್ಕ ತಲೆಗೆ ಬರುತ್ತದೆ. ಪುಸ್ತಕ ಕೊಡುವವರ ಜೊತೆ ಚೇಷ್ಟೆ ಮಾಡಬಹುದು. ಕಾಕಾನ ಇನ್ನೊಂದು ಪದ ಕೇಳಿ:

ಕೋಟಿ ಗೆದ್ದವನ ಮನಿಗೆ ಬೀಗರು ಬಂದಾರೋ
ಪುಸ್ತಕ ಗೆದ್ದವನ ಮನಿಗೆ ಇಲಿಗೋಳು ಬಂದಾವೋ

ಪದಕ್ಕೆ ಪ್ರಶ್ನೆ ಕಟ್ಟುವುದು ನಮ್ಮ ಕಡೆ ಹೊಸದೂ ಅಲ್ಲ. ಹರದೇಶಿ–ನಾಗೇಶಿ ಅಂದರೆ ಮತ್ತೇನು? ಜಾತ್ರೆಯಲ್ಲಿ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಶಿವ ದೊಡ್ಡವನು, ಗಂಡು ಹೆಚ್ಚು ಅಂತ ಹಾಡಿದರೆ, ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ಹೆಚ್ಚು ಅಂತ ಹಾಡುತ್ತಾರೆ. ಒಬ್ಬರು ಪದದಲ್ಲೇ ಸವಾಲು ಎಸೆಯಬೇಕು, ಇನ್ನೊಬ್ಬರು ಪದದಲ್ಲೇ ಉತ್ತರಿಸಬೇಕು. ಸಿಗದಿದ್ದರೆ ಜನರೆದುರು ಮುಖಭಂಗ. ಬಜರ್ ಒಂದು ಇರಲಿಲ್ಲ, ಅಷ್ಟೇ. ಹಾಗಾಗಿ ಮೂವರು ಸ್ಪರ್ಧಿಗಳನ್ನು ಕೂರಿಸಿಕೊಂಡು ನಗುನಗುತ್ತ ಸವಾಲು ಹಾಕುವ ಡಾಕ್ಟ್ರು ನಮಗೆ ದೂರದವರು ಅಂತ ಅನ್ನಿಸಲೇ ಇಲ್ಲ. ಕೈಗೆ ದಪ್ಪು ಕೊಡುವುದೊಂದು ಬಾಕಿ ಇತ್ತು. ಅದನ್ನು ಹಾಡು ಕೊಟ್ಟಿತು.

ಗಂಡಸರು ಇಷ್ಟೆಲ್ಲ ಹಾಡಿದ ಮೇಲೆ ಹೆಂಗಸರು ಬಿಡುತ್ತಾರಾ? ಹೋದ ಗಣಪತಿ ಹಬ್ಬದಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಮೈಕ್ ಇಸಿದುಕೊಂಡರು. ಹಿಂದೆ ನಾಲ್ಕಾರು ಹೆಂಗಸರು ತಾಳ ಹಿಡಿದು ನಿಂತರು.

ಜಗದ ರಾಜಧಾನಿ ಎಲ್ಲಾ ಬಾಯಿಪಾಠ ಇವರಿಗಿ
ಮನ್ಯಾಗ ಉಪ್ಪಿನ ಡಬ್ಬಿ ಎಲ್ಲೈತಿ? ಥಟ್ ಅಂತ ಹೇಳ್ರಿ!

ಪೆಂಡಾಲ್ ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಗಂಡಸರ ಮೇಳದಿಂದ ಇನ್ನೂ ಉತ್ತರ ಬಂದಿಲ್ಲ. ಹೋಳಿ ಹುಣ್ಣಿಮೆವರೆಗೆ ಟೈಮ್ ಕೇಳಿದ್ದಾರೆ. ಈ ನಡುವೆ ಕಾಕು ಡಬ್ಬಿಯ ಜಾಗ ಬದಲಿಸಿದ್ದಾರಂತೆ.