ಗಾಜಿನ ಆಚೆ ಮಂಜು, ಈಚೆ ಮಾವ

ಡಿಸೆಂಬರ್ ಬಂತೆಂದರೆ ಚಿಕ್ಕಬಳ್ಳಾಪುರದಲ್ಲಿ ಬೆಳಗಿನ ಜಾವ ಕಾರು ತೆಗೆಯುವವನಿಗೆ ಎರಡು ಕಷ್ಟ. ಗಾಜಿನ ಆಚೆಗೆ ಮಂಜು, ಈಚೆಗೆ ನಮ್ಮ ಮಾವ. ಆಚೆಯದಕ್ಕಾದರೂ ವೈಪರ್ ಇದೆ.

ವೈಪರ್ ಅಂದ ಕೂಡಲೇ ನೆನಪಾಯಿತು. 1903ರಲ್ಲಿ ಅದಕ್ಕೆ ಪೇಟೆಂಟ್ ಪಡೆದವರು ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬ ಮಹಿಳೆ. ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿ ಟ್ರಾಮ್ ಹತ್ತಿದಾಗ, ಹಿಮಮಳೆಗೆ ಗಾಜಿನಲ್ಲಿ ಏನೂ ಕಾಣದೆ ಡ್ರೈವರ್ ಮುಂದಿನ ಕಿಟಕಿಯನ್ನೇ ತೆರೆದುಕೊಂಡು ಓಡಿಸುತ್ತಿದ್ದನಂತೆ. ಅದನ್ನು ನೋಡಿ ಆಕೆಗೆ ಈ ಉಪಾಯ ಹೊಳೆಯಿತು. ಆ ಡ್ರೈವರ್ ಪುಣ್ಯವಂತ. ಕಿಟಕಿ ತೆರೆದರೆ "ಅಳಿಯಂದ್ರೇ, ಶೀತ ಆಗುತ್ತೆ" ಅನ್ನುವವರು ಪಕ್ಕದಲ್ಲಿರಲಿಲ್ಲ.

ನಮ್ಮ ಕಾರಿನ ಎಸಿ ಸತ್ತು ಕೂತಿದೆ. ಕಂಪ್ರೆಸರ್ ಹೋಗಿದೆಯಂತೆ. ಮೆಕ್ಯಾನಿಕ್ ಬಾನೆಟ್ ಎತ್ತಿ ಒಳಗೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. "ಈ ಚಳೀಲಿ ಎಸಿ ಯಾಕೆ ಸಾರ್? ಶಿವರಾತ್ರಿ ಕಳೀಲಿ, ಮಾಡ್ಕೊಡ್ತೀನಿ" ಅಂದ. ಹೋಗಲಿ, ಹೀಟರ್ ಆದರೂ ಹಾಕೋಣ ಅಂದರೆ ಅದನ್ನು ಹೋದ ಬೇಸಿಗೆಯಲ್ಲಿ ಇವನೇ ಕತ್ತರಿಸಿ ಹಾಕಿದ್ದ. ಹೀಟರಿನಿಂದ ಕೂಲೆಂಟ್ ಸೋರಿ ಕಾಲಡಿಯ ಮ್ಯಾಟ್ ಮೇಲೆ ಹನಿಯುತ್ತಿತ್ತು. ಎರಡು ಪೈಪುಗಳನ್ನು ಒಂದಕ್ಕೊಂದು ಸೇರಿಸಿ, ಕ್ಲಿಪ್ ಬಿಗಿದು, "ಈ ಬಿಸಿಲಲ್ಲಿ ಹೀಟರ್ ಯಾಕೆ ಸಾರ್?" ಅಂದಿದ್ದ. ಎರಡು ಸಲವೂ ಅವನ ಮಾತಿಗೆ ಎದುರಾಡುವಂತಿರಲಿಲ್ಲ, ಅದೇ ಸಂಕಟ.

ಚಳಿಗಾಲದಲ್ಲಿ ಎಸಿ ಬೇಕು ಅಂದರೆ ನಮ್ಮೂರಲ್ಲಿ ಎಲ್ಲರೂ ನಗುತ್ತಾರೆ. ಎಸಿ ಹಾಕಿಕೊಂಡು ನಿಂತ ಕಾರಿನ ಹೊಟ್ಟೆಯ ಕೆಳಗೆ ನೀರು ತೊಟ್ಟಿಕ್ಕುವುದನ್ನು ಇವರೆಲ್ಲ ನೋಡಿದ್ದಾರೆ. ಆ ನೀರು ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳಿಕೊಂಡಿಲ್ಲ. ಒಳಗಿನ ಗಾಳಿಯ ತೇವವೇ ತಣ್ಣನೆಯ ಕಾಯಿಲಿಗೆ ತಗುಲಿ ನೀರಾಗಿ ಇಳಿದುಹೋಗುತ್ತದೆ. ಒಣಗಿದ ಗಾಳಿ ಗಾಜಿಗೆ ಬಡಿದರೆ ಗಾಜು ತಿಳಿಯಾಗುತ್ತದೆ. ಹೀಟರಿನ ದಾರಿ ಬೇರೆ. 10 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 9 ಗ್ರಾಂ ಚಿಲ್ಲರೆ ನೀರಾವಿ ಹಿಡಿದುಕೊಂಡರೆ, 20 ಡಿಗ್ರಿಯದು 17 ಗ್ರಾಂ ಹಿಡಿಯುತ್ತದೆ. ಹಾಗಾಗಿ ಬಿಸಿ ಗಾಳಿ ಗಾಜಿನ ಮೇಲಿನ ತೇವವನ್ನು ಕುಡಿದುಬಿಡುತ್ತದೆ. ಎರಡೂ ಇಲ್ಲದ ನಮ್ಮಂಥವರಿಗೆ ಉಳಿದದ್ದು ಬ್ಲೋವರ್ ಮತ್ತು ಕಿಟಕಿ. ಕಿಟಕಿ ಇಳಿಸಿದರೆ ಒಳಗಿನ ಹಬೆ ಆಚೆ ಹೋಗಿ ಒಳಗೂ ಹೊರಗೂ ಒಂದೇ ಚಳಿಯಾಗುತ್ತದೆ, ಗಾಜು ಬೆವರುವುದು ನಿಲ್ಲುತ್ತದೆ. ಕಾಸು ಖರ್ಚಿಲ್ಲದ ಉಪಾಯ. ಮಾವ ಒಪ್ಪಬೇಕಷ್ಟೆ.

ಈ ಭಾನುವಾರ ನಸುಕಿನಲ್ಲಿ ದೇವನಹಳ್ಳಿಯ ಏರ್‌ಪೋರ್ಟಿಗೆ ಹೊರಟೆವು. ಮಿನೆಸೋಟಾದಿಂದ ನನ್ನ ನಾದಿನಿ, ಷಡ್ಡಕ ಬರುವವರಿದ್ದರು. ರಾತ್ರಿಯೇ ಮುಂದಿನ ಗಾಜಿನ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ ವೈಪರ್ ಕಡ್ಡಿಗೆ ಸಿಕ್ಕಿಸಿದ್ದರಿಂದ ಹೊರಗಿನ ಇಬ್ಬನಿಯ ಕಾಟ ಇರಲಿಲ್ಲ. ಮಾವ ಮಂಕಿ ಕ್ಯಾಪು, ಅದರ ಮೇಲೆ ಮಫ್ಲರ್, ಕೈಯಲ್ಲಿ ಕಾಫಿ ಫ್ಲಾಸ್ಕಿನೊಂದಿಗೆ ಮುಂದಿನ ಸೀಟಿನಲ್ಲಿ ಕೂತರು. ಊರು ದಾಟುವ ಮೊದಲೇ "ನಿಲ್ಸಿ ನಿಲ್ಸಿ" ಅಂದರು. ರಸ್ತೆ ಬದಿ ಒಬ್ಬಾಕೆ ಆಗ ತಾನೇ ಹೊಲದಿಂದ ತಂದ ಅವರೆಕಾಯಿ ಸುರಿದುಕೊಂಡಿದ್ದಳು. "ಮಗು ಹಿತಕಿದ ಬೇಳೆ ಸಾರು ತಿಂದು ಎಷ್ಟು ವರ್ಷ ಆಯ್ತೋ." ಮಗುವಿಗೆ ಈಗ ಕಾಲೇಜಿಗೆ ಹೋಗುವ ಮಗನಿದ್ದಾನೆ. ಸರಿ, ಇಬ್ಬನಿಯಲ್ಲಿ ತೊಪ್ಪೆಯಾದ ಅವರೆಕಾಯಿಯ ಅರ್ಧ ಚೀಲ ಹಿಂದಿನ ಸೀಟಿಗೆ ಬಂತು. ಪಕ್ಕದಲ್ಲೇ ನೀರು ಚಿಮುಕಿಸಿದ ಸೇವಂತಿಗೆ ಹೂವಿನ ಕವರು. ಫ್ಲಾಸ್ಕಿನ ಮುಚ್ಚಳವೂ ತೆರೆಯಿತು. ಕಿಟಕಿಗಳೆಲ್ಲ ಬಂದ್. ಇಡ್ಲಿ ಪಾತ್ರೆಗೂ ನಮ್ಮ ಕಾರಿಗೂ ಇದ್ದ ವ್ಯತ್ಯಾಸ ನಂಬರ್ ಪ್ಲೇಟ್ ಒಂದೇ.

ಮನುಷ್ಯ ಬರೀ ಉಸಿರಿನಲ್ಲೇ ದಿನಕ್ಕೆ ಸುಮಾರು 300ರಿಂದ 400 ಮಿಲಿಲೀಟರ್ ನೀರು ಆಚೆ ಬಿಡುತ್ತಾನೆ. ಇದು ಸುಮ್ಮನೆ ಕೂತವರ ಲೆಕ್ಕ. ನಿವೃತ್ತ ಹೈಸ್ಕೂಲ್ ಹೆಡ್‌ಮಾಸ್ಟರ್ ಲೆಕ್ಕ ಬೇರೆ.

ನಮ್ಮ ಮಾವ ಮಾತಾಡುವುದು ಎದುರಿಗಿರುವ ಗಾಜಿನ ಜೊತೆ. ಪಕ್ಕಕ್ಕೆ ತಿರುಗುವ ಅಭ್ಯಾಸವಿಲ್ಲ. ಇಡೀ ತರಗತಿ ಮುಂದೆ ಕೂತಿದೆ ಎಂಬಂತೆ ನೇರ ನೋಡಿಕೊಂಡು ಶುರು ಮಾಡುತ್ತಾರೆ. ಮೊದಲು ಅವರ ಎದುರಿಗೆ ಅಂಗೈಯಗಲ ಮಬ್ಬು ಕಟ್ಟುತ್ತದೆ. ಯಾರ ಜಮೀನಿಗೆ ಎಷ್ಟು ಪರಿಹಾರ ಬಂತು ಅನ್ನುವಷ್ಟರಲ್ಲಿ ಅದು ತಟ್ಟೆಯಗಲ. ಮುದ್ದೇನಹಳ್ಳಿ ಕಡೆಯ ತಿರುವು ಬಂತೋ, ಅಲ್ಲಿಂದಾಚೆ ಆಸೆ ಬಿಡಬೇಕು. "ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು ಅಲ್ಲೇ ಒಳಗಿದೆ ನೋಡಿ." ಈ ತಾಲ್ಲೂಕಿನಲ್ಲೇ ಹುಟ್ಟಿ ಬೆಳೆದ ನನಗೆ ಪ್ರತಿ ಸಲವೂ ಇದು ಹೊಸ ಸುದ್ದಿಯಾಗಿರಬೇಕು. ಶಿಸ್ತು, ಸಮಯಪಾಲನೆ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ, ಎಲ್ಲ ಒಂದಾದ ಮೇಲೊಂದು ಬರುತ್ತವೆ. ಮಬ್ಬು ನಡುವಿನ ಕನ್ನಡಿಯ ಗಡಿ ದಾಟಿ ನನ್ನ ಸೀಮೆಗೆ ನುಗ್ಗುತ್ತದೆ.

ನಾನು ನನ್ನ ಕಡೆಯ ಗಾಜನ್ನು ಎರಡು ಬೆರಳು ಇಳಿಸಿದೆ.

"ಅಳಿಯಂದ್ರೇ, ಎಲ್ಲಿಂದಲೋ ಗಾಳಿ ಬರ್ತಿದೆಯಲ್ಲ?"

"ಗಾಜು ಕಾಣ್ತಿಲ್ಲ ಮಾವ, ಸ್ವಲ್ಪ..."

"ಅಯ್ಯೋ, ಅದಕ್ಯಾಕೆ, ನಾನಿಲ್ವಾ?"

ಇದೇ ನೋಡಿ, ನಾನು ಎಲ್ಲಕ್ಕಿಂತ ಹೆದರುವ ಮಾತು. ಮಾವ ಮಂಕಿ ಕ್ಯಾಪನ್ನು ಹಿಂದಕ್ಕೆ ಸರಿಸಿ, ಅಭ್ಯಾಸಬಲದಿಂದ ಒಮ್ಮೆ ತಲೆ ನೇವರಿಸಿಕೊಂಡು, ಅದೇ ಅಂಗೈಯಿಂದ ನನ್ನ ಮೂಗಿನ ಮುಂದಿನ ಗಾಜನ್ನು ಸರ‍್ರನೆ ಒರೆಸುತ್ತಾರೆ. ದಿನಾ ಬೆಳಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಇಡದೆ ಹೊಸಲು ದಾಟಿದವರಲ್ಲ ಅವರು. ಕೈ ಅಡ್ಡ ಬಂದಷ್ಟು ಹೊತ್ತು ರಸ್ತೆ ಇಲ್ಲ. ಕೈ ತೆಗೆದ ಮೇಲೆ ಎಣ್ಣೆಯ ಐದು ಗೆರೆ, ನಡುವೆ ಕಾಮನಬಿಲ್ಲು. ಆ ಹೊತ್ತಿಗೆ ಸರಿಯಾಗಿ ಡಿವೈಡರ್ ಆಚೆಯಿಂದ ಬೆಟ್ಟಕ್ಕೆ ಸೂರ್ಯೋದಯ ನೋಡಲು ಹೊರಟ ಬೆಂಗಳೂರಿನ ಹುಡುಗರ ಸಾಲು ಕಾರುಗಳು ಬಂದವು. ಎಲ್ಲವಕ್ಕೂ ಹೈ ಬೀಮು, ಮೇಲೆ ನಾಲ್ಕೂ ಇಂಡಿಕೇಟರ್ ಮಿಣಿಮಿಣಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ತಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಡಿಪ್ ಮಾಡಿದರೇ ಹೆಚ್ಚು ಕಾಣುವುದು ಎಂಬುದನ್ನು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆ ಬೆಳಕು ಮಾವನ ಎಣ್ಣೆಗೆ ಬಿದ್ದು ಗಾಜಿನ ತುಂಬ ದೀಪಾವಳಿ.

ಇನ್ನೊಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಈ ಕೈಗುರುತು ಹೋಗುವುದಿಲ್ಲ. ಗಾಜು ಒಣಗಿದಾಗ ಮಾಯವಾದಂತೆ ಕಾಣುತ್ತದೆ, ಮತ್ತೆ ಮಬ್ಬು ಕಟ್ಟಿದೊಡನೆ ಐದು ಬೆರಳೂ ಎದ್ದು ಬರುತ್ತವೆ. ಎಣ್ಣೆ ತಗುಲಿದ ಕಡೆ ಹನಿ ಕೂರುವ ರೀತಿಯೇ ಬೇರೆ. ಹಬ್ಬದಲ್ಲಿ ನನ್ನ ಮಗಳು ಬೆರಳಲ್ಲಿ ಬರೆದಿದ್ದ ಬೆಕ್ಕಿನ ಮುಖ ಇನ್ನೂ ಎಡಮೂಲೆಯಲ್ಲಿ ಹಾಗೇ ಇದೆ. ಎಳನೀರು ಬಣ್ಣದ ಮಬ್ಬಿನಲ್ಲಿ ಬೆಕ್ಕು, ಅದರ ಪಕ್ಕ ಮಾವನ ಅಭಯಹಸ್ತ, ಇವೆರಡರ ನಡುವಿನ ಸಂದಿಯಲ್ಲಿ ರಾಷ್ಟ್ರೀಯ ಹೆದ್ದಾರಿ 44. ಕಣ್ಣೆದುರು ಒಂದು ಕಿಲೋಮೀಟರಿಗಿಂತ ಕಡಿಮೆ ಕಂಡರೆ ಹವಾಮಾನ ಇಲಾಖೆಯವರು ಅದನ್ನು ಮಂಜು ಎಂದು ಬರೆದುಕೊಳ್ಳುತ್ತಾರೆ. ನನಗೆ ಬಾನೆಟ್ ತುದಿ ಕಂಡರೆ ಸಾಕಾಗಿತ್ತು.

ಹೆದ್ದಾರಿ ಬದಿಯ ಟೀ ಅಂಗಡಿ ಮುಂದೆ ನಿಲ್ಲಿಸಿದೆ. ಹಿಂದೂಪುರ ಕಡೆಯ ಲಾರಿ ಡ್ರೈವರ್ ಒಬ್ಬ ನಾನು ಪೇಪರಿನಲ್ಲಿ ಗಾಜು ತಿಕ್ಕುವುದನ್ನು ನೋಡುತ್ತ ನಿಂತಿದ್ದ. "ಏಂ ಸಾರ್, ಏಮೀ ಕನಪಡಲೇದಾ?" ಅಂದವನೇ ಕಿವಿಯ ಮೇಲಿದ್ದ ಬೀಡಿ ತೆಗೆದು, ಎಲೆ ಬಿಚ್ಚಿ, ಒಳಗಿನ ಹೊಗೆಸೊಪ್ಪನ್ನು ಅಂಗೈಯಲ್ಲಿ ಒಂದು ಹನಿ ನೀರಿನೊಂದಿಗೆ ಹೊಸಕಿ, ಕಾರೊಳಗೆ ಬಗ್ಗಿ ಗಾಜಿಗೆ ತಿಕ್ಕತೊಡಗಿದ. ಲಾರಿಯವರ ಹಳೇ ವಿದ್ಯೆ. ಕೆಲವರು ಹೆಚ್ಚಿದ ಆಲೂಗಡ್ಡೆ ಉಜ್ಜುತ್ತಾರೆ, ಕೆಲವರು ಶಾಂಪೂ, ಶೇವಿಂಗ್ ಕ್ರೀಮ್. ಸೋಪಿನ ಜಾತಿಯದು ಸವರಿದರೆ ನೀರು ಹನಿಹನಿಯಾಗಿ ನಿಲ್ಲದೆ ತೆಳುವಾಗಿ ಹರಡಿಕೊಳ್ಳುತ್ತದೆ, ಅದರ ಮೂಲಕ ನೋಟ ದಾಟುತ್ತದೆ.

ಮಾವನ ಮುಖ ನೋಡಬೇಕಿತ್ತು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಎಂಬ ಬೋರ್ಡನ್ನು ನಿಂತು ಬರೆಸಿ, ಗೇಟಿನೆದುರಿನ ಗೂಡಂಗಡಿಯವನನ್ನು ಎಬ್ಬಿಸಿ ಕಳಿಸಿದ ಹೆಡ್‌ಮಾಸ್ಟರ್ ಅವರು. ಈಗ ಅವರ ಮೂಗಿನಿಂದ ಗೇಣು ದೂರದಲ್ಲಿ ಹಸಿ ಹೊಗೆಸೊಪ್ಪು. ಡ್ರೈವರ್ ಮನಸ್ಸಿಟ್ಟು ಮೂಲೆಮೂಲೆಯನ್ನೂ ಬಿಡದೆ ತಿಕ್ಕಿದ. ಮಾವ ಮಫ್ಲರನ್ನು ಮೂಗಿಗೆ ಎಳೆದುಕೊಂಡು, ಉಸಿರು ಬಿಗಿಹಿಡಿದು, ಮಾತೇ ಇಲ್ಲದೆ ಕೂತರು. ಮಾತಿಲ್ಲ! ಕಾರು ಹೊರಟು ಫರ್ಲಾಂಗ್ ಹೋಗಿರಲಿಲ್ಲ, ಕರಕರ ಶಬ್ದ ಕೇಳಿಸಿತು. ಮಾವ ಸ್ವತಃ ಹ್ಯಾಂಡಲ್ ತಿರುಗಿಸಿ ತಮ್ಮ ಕಡೆಯ ಗಾಜನ್ನು ಪೂರ್ತಿ ಇಳಿಸುತ್ತಿದ್ದರು. "ಈ ನಾತದಲ್ಲಿ ಮನುಷ್ಯ ಇರ‍್ತಾನಾ? ನಿಮ್ಮ ಕಡೇದೂ ಇಳಿಸಿ, ಇಳಿಸಿ!"

ಇಳಿಸಿದೆ. ಎರಡೇ ನಿಮಿಷದಲ್ಲಿ ಗಾಜು ತಿಳಿ. "ನೋಡಿದ್ರಾ, ನಾನು ಒರೆಸಿದ್ದು ಈಗ ಕೆಲಸ ಮಾಡ್ತಿದೆ" ಅಂದರು.

ಕಿಟಕಿಯಿಂದ ಒಳನುಗ್ಗಿದ ಆ ಚಳಿಯಲ್ಲಿ ಅವರೆಯ ಸೊಗಡು, ಒದ್ದೆ ಮಣ್ಣು, ಎಲ್ಲೋ ಕಸ ಸುಡುವ ವಾಸನೆ. ನಾನು ಚಿಕ್ಕವನಿದ್ದಾಗ ಬೆಂಗಳೂರಿಗೆ ಹೋಗುತ್ತಿದ್ದ ಬಾಡಿಗೆ ಅಂಬಾಸಿಡರಿನ ಮುಂದಿನ ಬಾಗಿಲಲ್ಲಿ ಪುಟ್ಟ ಮೂರುಮೂಲೆಯ ಗಾಜು ಇರುತ್ತಿತ್ತು. ಅದನ್ನು ಸ್ವಲ್ಪ ತಿರುಗಿಸಿದರೆ ಗಾಳಿ ನೇರ ಎದೆಗೆ. ಎಸಿ ಎಂಬ ಪದವೇ ಗೊತ್ತಿಲ್ಲದ ಎಂಟು ಜನ ಒಳಗೆ ಒತ್ತಿಕೊಂಡಿದ್ದರೂ ಗಾಜು ಮಂಕಾದ ನೆನಪಿಲ್ಲ. ಅಜ್ಜಿ ತನ್ನ ಕಂಬಳಿಯ ಅರ್ಧವನ್ನು ನನಗೆ ಹೊದಿಸುತ್ತಿದ್ದಳು. ಕಿಟಕಿ ಮುಚ್ಚು ಅನ್ನುತ್ತಿರಲಿಲ್ಲ, ಮುಚ್ಚಿದರೆ ವಾಂತಿ ಬರುತ್ತಿತ್ತು ಅವಳಿಗೆ. ರಸ್ತೆಯ ಎರಡೂ ಬದಿ ದ್ರಾಕ್ಷಿ ಚಪ್ಪರಗಳಿದ್ದವು. ಈಗ ಅಲ್ಲೆಲ್ಲ ಲೇಔಟಿನ ಕಮಾನು, ಕಮಾನಿನ ಹಿಂದೆ ಬರೀ ಕಲ್ಲು ನೆಟ್ಟ ಸೈಟುಗಳು. "ಮುಂಚಿನಷ್ಟು ಮಂಜು ಬೀಳಲ್ಲ ಈಗ" ಅಂದರು ಮಾವ. ಅದೊಂದು ಮಾತಿಗೆ ನಾನು ಹೂಂಗುಟ್ಟಿದೆ.

ಏರ್‌ಪೋರ್ಟಿನಲ್ಲಿ ವಿಮಾನ ಸರಿಯಾದ ಸಮಯಕ್ಕೇ ಇಳಿದಿತ್ತು. ಅಲ್ಲೀಗ 50 ಮೀಟರ್ ಕಂಡರೂ ಇಳಿಸುವಂಥ ಸಲಕರಣೆ ಇದೆ. ಪೈಲಟ್‌ನ ಮುಂದಿನ ಗಾಜನ್ನು ಯಾರೂ ಒರೆಸಲು ಹೋಗುವುದಿಲ್ಲ ಎಂಬುದೂ ಒಂದು ಕಾರಣವಿರಬೇಕು.

ವಾಪಸ್ ಬರುವಾಗ ಮುಂದಿನ ಸೀಟು ಷಡ್ಡಕನದು. ಮಾವ ಹಿಂದೆ, ಅವರೆಕಾಯಿ ಮಾವನ ತೊಡೆಯ ಮೇಲೆ. ಗಾಜು ಮತ್ತೆ ಮಂಕಾಯಿತು. ಷಡ್ಡಕ ಅಮೆರಿಕದ ಕಷ್ಟ ಹೇಳತೊಡಗಿದ. ಅಲ್ಲಿ ಮೈನಸ್ 20, ಕೆಲವೊಮ್ಮೆ 30. ಗಾಜಿನ ಮೇಲೆ ಕಟ್ಟುವುದು ಹಬೆಯಲ್ಲ, ಗಟ್ಟಿ ಮಂಜುಗಡ್ಡೆ. ಬಿಸಿನೀರು ಸುರಿದರೆ ಗಾಜೇ ಸೀಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಪಾಲು, ನೀರು ಒಂದು ಪಾಲು ಬೆರೆಸಿ ಸಿಂಪಡಿಸಿ, ಸ್ಕ್ರೇಪರಿನಲ್ಲಿ ಕೆರೆಯಬೇಕು. "ಇಲ್ಲಿ ಅದೆಲ್ಲ ಬೇಡ ಮಾವ, ಎರಡು ಕಿಟಕಿ ಸ್ವಲ್ಪ ಇಳಿಸಿದ್ರೆ ಕ್ಲಿಯರ್ ಆಗುತ್ತೆ."

"ಹೌದಾ?" ಅಂದರು ಮಾವ. ಮರುಕ್ಷಣ ಹಿಂದಿನ ಎರಡೂ ಗಾಜು ಕೆಳಗೆ. "ನೋಡಿ ಅಳಿಯಂದ್ರೇ, ಸಣ್ಣ ಅಳಿಯಂದ್ರು ಎಷ್ಟು ಸುಲಭದ ಉಪಾಯ ಹೇಳಿದ್ರು. ಅಮೆರಿಕದಲ್ಲಿ ಹೀಗೇ ಮಾಡ್ತಾರಂತೆ."

ಗೇರ್ ಬದಲಿಸುವಾಗ ಸ್ವಲ್ಪ ಜೋರಾಗಿ ಬದಲಿಸಿದೆ, ಅಷ್ಟೆ.

ಮನೆಗೆ ಬಂದು ಸೂಟ್‌ಕೇಸ್ ಬಿಚ್ಚಿದರೆ ಚಾಕಲೇಟು, ಬಾದಾಮಿಗಳ ಕೆಳಗಿನಿಂದ ನನಗೆಂದೇ ತಂದ ಉಡುಗೊರೆ ಹೊರಬಂತು: ಒಂದು ಐಸ್ ಸ್ಕ್ರೇಪರ್. ಒಂದು ತುದಿಗೆ ನೀಲಿ ಪ್ಲಾಸ್ಟಿಕ್ ಅಲಗು, ಇನ್ನೊಂದು ತುದಿಗೆ ಬ್ರಷ್ಷು. ಕೆರೆಯುವುದಕ್ಕೆ ನಮ್ಮೂರಲ್ಲಿ ಐಸ್ ಇರುವುದು ಮದುವೆ ಛತ್ರದ ಮೀನಿನಾಕಾರದ ಅಲಂಕಾರದಲ್ಲಿ ಮಾತ್ರ. ಎರಡು ದಿನ ಟಿವಿ ಮೇಲಿತ್ತು. ಮೂರನೆಯ ದಿನ ಅತ್ತೆಯ ಕೈಯಲ್ಲಿ ಕಂಡೆ. ಗ್ರೈಂಡರ್ ಕಲ್ಲಿಗೆ ಮೆತ್ತಿದ ದೋಸೆ ಹಿಟ್ಟು ಬಳಿಯುವುದಕ್ಕೆ ಇದಕ್ಕಿಂತ ಒಳ್ಳೆಯದು ಇಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲವಂತೆ, ಒಂದು ಚಮಚ ಹಿಟ್ಟೂ ದಂಡವಾಗುವುದಿಲ್ಲವಂತೆ. ಬ್ರಷ್ಷಿನ ಕಡೆಯಿಂದ ದೇವರ ಮನೆಯ ಜೇಡರಬಲೆ ತೆಗೆಯುತ್ತಾರೆ. ಮುಂದಿನ ಸಲ ಬರುವಾಗ ಇನ್ನು ನಾಲ್ಕು ತರಬೇಕೆಂದು ಷಡ್ಡಕನಿಗೆ ಆರ್ಡರ್ ಆಗಿದೆ, ಎರಡು ಎದುರುಮನೆಯವರಿಗೆ.