ಹಸುವಿನ ಹಿಂಗಾಲು ಬರೆದ ಜೋಕು

ಇಂಗ್ಲೆಂಡಿನ ನಮ್ಮ ಹಳ್ಳಿಯ ಪ್ಯಾಂಟೊಮೈಮ್‌ನಲ್ಲಿ ಎರಡು ವರ್ಷ ನಾನು ಹಸುವಿನ ಹಿಂಗಾಲು: ಒಂದೇ ಹಸುವೇಷದೊಳಗೆ ಇಬ್ಬರು, ಹಿಂದಿನವನು ನಾನು. ಹೆಸರು ಕೇಳಿ ಮೂಕಾಭಿನಯ ಅಂದುಕೊಳ್ಳಬೇಡಿ, ಇದು ಮಕ್ಕಳ ಕಥೆಗಳ ತಮಾಷೆ ನಾಟಕ, ಶುದ್ಧ ಗಲಾಟೆ. ಚಳಿಗಾಲ ಬಂತೆಂದರೆ ಊರೂರಿನ ಹಾಲ್‌ಗಳಲ್ಲಿ ಸಿಂಡ್ರೆಲಾ, ಅಲ್ಲಾದೀನ್, ಜ್ಯಾಕ್ ಮತ್ತು ಬೀನ್ಸ್ ಬಳ್ಳಿ. ಜ್ಯಾಕ್‌ನ ತಾಯಿ ಸಾಮಾನ್ಯವಾಗಿ ಒಬ್ಬ ದಪ್ಪ ಗಂಡಸು. ಸ್ತ್ರೀವೇಷ ನಮಗೇನು ಹೊಸದಲ್ಲ, ಅಲ್ವಾ? ಆದರೆ ನಮ್ಮ ಹಳೇ ಕಂಪನಿ ನಾಟಕದಲ್ಲಿ ಆ ವೇಷ ನೋಡಿ ಹೆಣ್ಣೇ ಅಂತ ನಂಬಬೇಕಿತ್ತು. ಇಲ್ಲಿ ನಂಬಿಬಿಟ್ಟರೆ ನಾಟಕವೇ ಕೆಟ್ಟಿತು.

ಮೂರನೇ ವರ್ಷ ಹಾಲು ಕರೆಯುವ ದೃಶ್ಯ ಬರೆಯೋಕೆ ನನಗೇ ಹೇಳಿದರು. ಒಳಗಿರುವವನಿಗೇ ಗೊತ್ತು ತಾನೆ, ಯಾವಾಗ ಒದೆಯಬೇಕು ಅಂತ.

ಕರ್ನಾಟಕದಲ್ಲಿದ್ದಾಗ ಹವ್ಯಾಸಿ ತಂಡದಲ್ಲಿ ನಾನು ಕಲಿತ ಹಾಸ್ಯವೇ ಬೇರೆ. ಕಾಗದದಲ್ಲಿ ಅರ್ಧ, ಉಳಿದರ್ಧ ಸ್ಟೇಜ್ ಮೇಲೆ. ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ'ದೊಳಗೆ ಅಂದಂದಿನ ರಾಜಕೀಯವನ್ನೇ ಎಳೆದು ತರುತ್ತಿದ್ದರು. ಅದನ್ನು ನೋಡಿ ನಾವೂ ಬಾಯಿಗೆ ಬಂದದ್ದು ಹೇಳುತ್ತಿದ್ದೆವು. ಎಲ್ಲರೂ ಹಿರಣ್ಣಯ್ಯ ಆಗ್ತಾರಾ? ನಮ್ಮದು ಹತ್ತು ನಿಮಿಷದಲ್ಲಿ ಗಂಡ ಹೆಂಡತಿ ಜಗಳಕ್ಕೆ ಬಂದು ನಿಲ್ಲುತ್ತಿತ್ತು. ಇಲ್ಲಿನ ಕನ್ನಡ ಕಾರ್ಯಕ್ರಮಗಳ ಸ್ಕಿಟ್‌ಗಳಲ್ಲೂ ಜಾಸ್ತಿ ನೋಡಿದ್ದು ಅದೇ ಜಗಳ.

ಪ್ಯಾಂಟೊದಲ್ಲಿ ಪ್ರೇಕ್ಷಕರ ಮಾತನ್ನೂ ಬರೆಯಬೇಕು. 'ನಿನ್ನ ಹಿಂದೇ ಇದ್ದಾನೆ!' ಅಂತ ಮಕ್ಕಳು ಕಿರುಚುವುದು ಸ್ಕ್ರಿಪ್ಟ್‌ನಲ್ಲೇ ಇರುತ್ತದೆ. ಮೂರು ಸಲ ಕಿರುಚಿಸಬಹುದು, ನಾಲ್ಕನೆಯದು ಸಪ್ಪೆ. ಯಾರದೋ ಬಾಯಿಗೆ ಮಾತು ಬರೆದು, ಅಲ್ಲೊಂದು ಜಾಗ ಬಿಟ್ಟು, ಅವರು ಬಂದು ತುಂಬಲಿ ಅಂತ ಕಾಯುವುದಿದೆಯಲ್ಲ, ಆ ಸುಖ ನಟನೆಯಲ್ಲಿ ನನಗೆ ಸಿಕ್ಕಿರಲಿಲ್ಲ.

ಪಕ್ಕದ ಹಳ್ಳಿಯನ್ನು ಗೇಲಿ ಮಾಡುವುದೂ ಇಲ್ಲಿನ ಪದ್ಧತಿ. ಅಲ್ಲಿನ ರಸ್ತೆ ಗುಂಡಿಯಲ್ಲಿ ನಮ್ಮ ಹಸು ಬಿದ್ದಿತ್ತು ಅಂತ ಒಂದು ಜೋಕು ಬರೆದೆ. ಮೊದಲ ಓದಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಮನೆಗೆ ಬಂದು ಅದನ್ನೇ ನಾಲ್ಕಾರು ಸಲ ಜೋರಾಗಿ ಓದಿಕೊಂಡೆ. ಆಮೇಲೆ ಹೊಳೆಯಿತು: ಯೋಚನೆ ಮಾಡಿದ್ದು ಕನ್ನಡದಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ. ನಮ್ಮಲ್ಲಿ ಊರು ಮೊದಲು, 'ಬಿತ್ತು' ಕೊನೆಗೆ. ಇವರಿಗೆ ನಗು ಬರಬೇಕಾದರೆ ಊರಿನ ಹೆಸರೇ ಕೊನೆಗೆ ಬೀಳಬೇಕು. ಅದೊಂದನ್ನು ಬಾಲಕ್ಕೆ ಎಳೆದೆ, ಅಷ್ಟೇ. ಮುಂದಿನ ರಿಹರ್ಸಲ್‌ನಲ್ಲಿ ಜ್ಯಾಕ್‌ನ ತಾಯಿ ನಗು ತಡೆಯಲಾಗದೆ ಬಕೆಟ್ ಕೈಬಿಟ್ಟಳು. ಬಿಟ್ಟ ಅನ್ನಬೇಕೋ ಏನೋ.

ಖುಷಿಯಾಗಿ ಕೊನೆಯ ಎರಡು ಸಾಲಿನ ಪ್ರಾಸವನ್ನೂ ನಾನೇ ಕೇಳಿ ಬರೆದೆ. ಆಗ ಗೊತ್ತಾಯಿತು, ಆ ಎರಡು ಸಾಲನ್ನು ರಿಹರ್ಸಲ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅಪಶಕುನ. ಎರಡು ತಿಂಗಳು ಅಲ್ಲಿಗೆ ಬಂದ ಕೂಡಲೇ ಎಲ್ಲರೂ ಗಪ್‌ಚುಪ್. ಪೂಜೆ ಮಾಡದೆ ರಂಗ ಹತ್ತದ ನಾನು ಇದಕ್ಕೆ ನಗೋ ಹಾಗಿರಲಿಲ್ಲ.

ಮೊದಲ ಶೋ ದಿನ ಕೊನೆಗೂ ಹೇಳಿದರು. ನಾನು ಹಸುವಿನೊಳಗೆ, ಕತ್ತಲಲ್ಲಿ, ಮುಂಗಾಲಿನವರ ಸೊಂಟ ಹಿಡಿದು ಬಗ್ಗಿ ನಿಂತಿದ್ದೆ. ದಪ್ಪ ಬಟ್ಟೆಯೊಳಗೆ ನನ್ನ ಪ್ರಾಸ ಸರಿಯಾಗಿ ಕೇಳಿಸಲೇ ಇಲ್ಲ. ನಗು ಮಾತ್ರ ಕೇಳಿಸಿತು. ಬಾಲ ಅಲ್ಲಾಡಿಸಿದೆ.