ಗ್ರೋ ಲೈಟ್ ಆಮೇಲೆ ತನ್ನಿ, ಮೊದಲು ಆರ್‌ಸಿಸಿಬಿ ಹಾಕಿಸಿ

ಮಹಡಿ ಮೇಲಿನ ಖಾಲಿ ಕೋಣೆಯಲ್ಲಿ ಕಬ್ಬಿಣದ ರ್ಯಾಕ್ ನಿಲ್ಲಿಸಿ, ಗ್ರೋ ಲೈಟ್ (ಬಿಸಿಲಿನ ಬದಲು ಗಿಡಕ್ಕೆ ಬೆಳಕು ಕೊಡುವ ಎಲ್‌ಇಡಿ) ಕಟ್ಟಿ, ಮೈಕ್ರೋಗ್ರೀನ್ಸ್, ಲೆಟ್ಯೂಸ್, ತರಕಾರಿ ಸಸಿ ಬೆಳೆಸುವ ಉಮೇದು ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆಗೂ ಬಂದಿದೆ. ಒಳ್ಳೆಯದೇ. ಆದರೆ ಹೊಸದಾಗಿ ಶುರು ಮಾಡುವವರು ಮೊದಲು ಕೇಳುವುದು "ಯಾವ ಲೈಟ್ ತಗೊಳ್ಳೋಣ ರೀ?" ಅಂತ. ಅರ್ಥಿಂಗ್ ಬಗ್ಗೆ ಕೇಳುವವರು ಅಪರೂಪ. ದುಡ್ಡೆಲ್ಲ ಲೈಟಿಗೆ, ರ್ಯಾಕಿಗೆ ಸುರಿದು ಕೊನೆಗೆ ಉಳಿದ ಚಿಲ್ಲರೆಯಲ್ಲಿ ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ತಂದು ಎಲ್ಲವನ್ನೂ ಅದಕ್ಕೇ ಚುಚ್ಚುತ್ತಾರೆ. ಈ ಖರೀದಿಯ ಸಾಲನ್ನೇ ತಿರುಗಿಸಬೇಕು ಅನ್ನುವುದು ನನ್ನ ವಾದ. ಮೊದಲು ಅರ್ಥಿಂಗ್, ಆಮೇಲೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಅಷ್ಟು ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್), ಆಮೇಲೆ ಸರಿಯಾದ ವೈರು. ಲೈಟು ಕೊನೆಗೆ. ದುಡ್ಡು ಸಾಲದಿದ್ದರೆ ರ್ಯಾಕ್ ಒಂದು ಕಮ್ಮಿ ಮಾಡಿ.

ಹಾಗೆಂದರೆ ಬರುವ ಉತ್ತರ: "ಎಂಸಿಬಿ ಅದ ಅಲ್ಲೇನ್ರಿ, ಏನೂ ಆಗಂಗಿಲ್ಲ ಬಿಡ್ರಿ." ಎಂಸಿಬಿ, ಅಂದರೆ ಲೋಡ್ ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್, ಕಾಯುವುದು ವೈರನ್ನು. ಮನುಷ್ಯರನ್ನು ಕಾಯುವುದು ಅದರ ಕೆಲಸವೇ ಅಲ್ಲ. 16 ಆಂಪಿಯರಿನ ಎಂಸಿಬಿ ಅಂದರೆ 16,000 ಮಿಲಿ ಆಂಪಿಯರ್. ಮನುಷ್ಯನ ಎದೆಯ ಮೂಲಕ 30 ಮಿಲಿ ಆಂಪಿಯರಿಗಿಂತ ಹೆಚ್ಚು ಸ್ವಲ್ಪ ಹೊತ್ತು ಹರಿದರೂ ಜೀವಕ್ಕೆ ಅಪಾಯ. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಲೈಟಿನ ಫೇಸ್ ವೈರು ಸವೆದು ಕಬ್ಬಿಣದ ರ್ಯಾಕಿಗೆ ತಾಗಿತು ಅಂದುಕೊಳ್ಳಿ. ನಿಮ್ಮ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 20 ಓಮ್, ಟ್ರಾನ್ಸ್‌ಫಾರ್ಮರ್ ಕಡೆಯದು 5 ಓಮ್ ಇದ್ದರೆ 230 ಭಾಗಿಸು 25, ಅಂದರೆ 9.2 ಆಂಪಿಯರ್ ಮಣ್ಣಿಗೆ ಹರಿಯುತ್ತದೆ. 16ರ ಎಂಸಿಬಿ ಬೀಳುವುದಿಲ್ಲ. ಲೈಟು ಉರಿಯುತ್ತಲೇ ಇರುತ್ತದೆ, ರ್ಯಾಕಿನ ಮೇಲೆ 184 ವೋಲ್ಟ್ ಕೂತಿರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಟ್ರೇ ಎತ್ತುವವರ ಗತಿ ಏನು? ಅದೇ ಜಾಗದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ವೈರು ರ್ಯಾಕಿಗೆ ತಾಗಿದ ಗಳಿಗೆಯಲ್ಲೇ ಬಿದ್ದುಬಿಡುತ್ತದೆ, ಇನ್ನೂ ಯಾರೂ ಮುಟ್ಟುವ ಮೊದಲೇ.

ನಮ್ಮ ಭಾಗಕ್ಕೆ ಇದು ಇನ್ನೂ ಮುಖ್ಯ, ಕಾರಣ ಮಣ್ಣು. ರಾಯಚೂರು, ಬಳ್ಳಾರಿಯ ಎರೆ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಅರ್ಥ್ ಪೈಪಿನ ಸುತ್ತಲಿನ ಮಣ್ಣು ಪೈಪನ್ನು ಬಿಟ್ಟು ಸರಿಯುತ್ತದೆ. ಕೊಪ್ಪಳದ ಕಡೆ ಹಲವು ಕಡೆ ನಾಲ್ಕಡಿ ತೋಡುವುದರೊಳಗೆ ಬಂಡೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಏಪ್ರಿಲ್‌ಗೆ ಹೆಸರಿಗಷ್ಟೇ ಇರುತ್ತದೆ. ಆಗಲೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ. ಗುಂಡಿ 500 ಓಮಿಗೆ ಏರಿದರೂ 460 ಮಿಲಿ ಆಂಪಿಯರ್ ಹರಿಯುತ್ತದೆ, ಅದಕ್ಕೆ ಬೇಕಾದದ್ದು 30. ಹಾಗಂತ ಅರ್ಥಿಂಗ್ ಬೇಡವೇ ಬೇಡ ಅಂತಲ್ಲ. ಅರ್ಥ್ ವೈರೇ ಇಲ್ಲದಿದ್ದರೆ ಆರ್‌ಸಿಸಿಬಿ ಬೀಳುವುದು ನೀವು ಮುಟ್ಟಿದ ಮೇಲೆ. ಆ ಪ್ರಯೋಗ ನಿಮ್ಮ ಮೈಮೇಲೆ ಯಾಕೆ?

ಗುಂಡಿ ತೋಡಿಸುವವರು ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರ, ಎರಡೂವರೆ ಮೀಟರ್ ಉದ್ದದ 40 ಮಿ.ಮೀ. ಜಿಐ ಪೈಪು, ಸುತ್ತ ಇದ್ದಿಲು-ಉಪ್ಪು ಹಾಕಿಸಿ. ಬಂಡೆ ಅಡ್ಡ ಬಂದರೆ ಪೈಪನ್ನು ಕತ್ತರಿಸಿ ಮೋಟು ಮಾಡಿ ಹುಗಿಯುವುದು ನಮ್ಮಲ್ಲಿ ರೂಢಿ. ಅದರ ಬದಲು ಎರಡು ಗುಂಡಿ ತೋಡಿ, ನಡುವೆ ಪೈಪಿನ ಉದ್ದದ ಎರಡು ಪಟ್ಟು ಅಂತರ ಬಿಟ್ಟು, ಎರಡನ್ನೂ ಜೋಡಿಸಿ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿರಿ. ಇಡೀ ನಾಡಿಗೆ ಕರೆಂಟ್ ಕಳಿಸುವ ಶಕ್ತಿನಗರ, ಕುಡತಿನಿ ಎರಡೂ ನಮ್ಮಲ್ಲೇ ಇವೆ. ನಮ್ಮ ಮನೆಗಳ ಮೂರನೇ ಪಿನ್ನಿಗೆ ಮಾತ್ರ ವೈರಿಲ್ಲ.

ಮೂರನೇ ಪಿನ್ನಿಗೆ ವೈರಿಲ್ಲದ ಕಡೆ ಕೆಲವರು ಮಾಡುವ ಒಂದು ಕೆಲಸವಂತೂ ಕೊಲೆಗೆ ಸಮ: ಸಾಕೆಟ್ಟಿನೊಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರು ಹಾಕಿಬಿಡುವುದು. ಟೆಸ್ಟ್ ಲ್ಯಾಂಪ್ ಹಿಡಿದರೆ ಉರಿಯುತ್ತದೆ, "ಅರ್ಥಿಂಗ್ ಅದ ನೋಡ್ರಿ" ಅಂತ ತೋರಿಸುತ್ತಾರೆ. ಎಲ್ಲೋ ಒಂದು ಕಡೆ ನ್ಯೂಟ್ರಲ್ ಸಡಿಲವಾದರೆ ಲೈಟಿನ ಮೈ, ಕೂಲರಿನ ಮೈ, ರ್ಯಾಕು ಎಲ್ಲದಕ್ಕೂ ಪೂರ್ತಿ 230 ವೋಲ್ಟ್ ಬರುತ್ತದೆ. ಮೇನ್ ಆಫ್ ಮಾಡಿ ನಿಮ್ಮ ಸಾಕೆಟ್ಟೊಂದನ್ನು ಬಿಚ್ಚಿ ನೋಡಿ. ಅಂಥ ತುಂಡು ಕಂಡರೆ ಅವತ್ತೇ ತೆಗೆಸಿ.

ಇನ್ನೊಂದು ದೂರು: "ಲೈಟಿನ ಮೈ ಮುಟ್ಟಿದರೆ ಜುಂ ಅನ್ನುತ್ತದೆ, ಟೆಸ್ಟರ್ ಮಿಣುಕುತ್ತದೆ, ಲೈಟೇ ಖರಾಬ್." ಸಾಮಾನ್ಯವಾಗಿ ಲೈಟ್ ಖರಾಬಾಗಿರುವುದಿಲ್ಲ. ಎಲ್‌ಇಡಿ ಡ್ರೈವರಿನೊಳಗೆ (ಲೈಟಿಗೆ ಕರೆಂಟನ್ನು ಹದ ಮಾಡಿ ಕೊಡುವ ಭಾಗ) ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ಥ್ ಸಿಕ್ಕದಿದ್ದಾಗ ಮೈ ಮೇಲೆ ಸುಮಾರು ಅರ್ಧ ವೋಲ್ಟೇಜ್, ಅಂದರೆ 115ರ ಆಸುಪಾಸು ತೇಲುತ್ತದೆ. ಹರಿಯುವುದು ಅರ್ಧ ಮಿಲಿ ಆಂಪಿಯರಿನಷ್ಟೇ, ಒಂದು ಲೈಟಿನದು ಕೊಲ್ಲುವುದಿಲ್ಲ. ಆದರೆ ಹತ್ತು ಲೈಟು ಒಂದೇ ರ್ಯಾಕಿಗೆ ಕಟ್ಟಿದ್ದರೆ ಅವೆಲ್ಲ ಕೂಡುತ್ತವೆ. ಅದು ಲೈಟು ಕೊಡುತ್ತಿರುವ ದೂರು: ಅರ್ಥ್ ಇಲ್ಲ. ಎರಡು ಪಿನ್ನಿನ ಪ್ಲಗ್ ಹಾಕಿ, ಹಸಿರು ವೈರನ್ನು ಕತ್ತರಿಸಿ ಬಿಟ್ಟವರಿಗೆ ಇದು ಬಂದೇ ಬರುತ್ತದೆ. ರ್ಯಾಕಿಗೂ ಬೇರೆಯಾಗಿ 4 ಸ್ಕ್ವೇರ್ ಎಂಎಂ ಹಸಿರು ವೈರನ್ನು ಲಗ್ ಹಾಕಿ ನಟ್-ಬೋಲ್ಟಿನಿಂದ ಬಿಗಿಯಿರಿ. ಬಣ್ಣ ಕೆರೆದು ಕಬ್ಬಿಣ ಹೊಳೆದ ಮೇಲೆ ಬಿಗಿಯಬೇಕು, ಪೇಂಟಿನ ಮೇಲೆ ಬಿಗಿದರೆ ಬಿಗಿದಂತೆಯೇ ಅಲ್ಲ.

ಆ ಅರ್ಧ ಮಿಲಿ ಆಂಪಿಯರಿಗೆ ಇನ್ನೊಂದು ಮುಖವೂ ಇದೆ. ಅರ್ಥ್ ಸರಿಯಾಗಿದ್ದಾಗ ಅದು ಅಲ್ಲಿಗೆ ಹರಿಯುತ್ತಲೇ ಇರುತ್ತದೆ, ಆರ್‌ಸಿಸಿಬಿ ಅದನ್ನು ಎಣಿಸುತ್ತಲೇ ಇರುತ್ತದೆ. ಯಾವಾಗಲೂ ಹರಿಯುವ ಈ ಸೋರಿಕೆ ಆರ್‌ಸಿಸಿಬಿಯ ಮೂರನೇ ಒಂದು ಭಾಗ, ಅಂದರೆ 9-10 ಮಿಲಿ ಆಂಪಿಯರ್ ದಾಟಬಾರದು. ಲೋಹದ ಡ್ರೈವರಿನ ಲೈಟುಗಳಾದರೆ ಒಂದು ಆರ್‌ಸಿಸಿಬಿಗೆ 15ರ ಆಸುಪಾಸು ಸಾಕು. 30 ಕಟ್ಟಿ "ಸುಮ್ಮಸುಮ್ಮನೆ ಬೀಳ್ತದ" ಅಂತ ಅದನ್ನು ಬೈಪಾಸ್ ಮಾಡಿಸಬೇಡಿ, ಇನ್ನೊಂದು ಹಾಕಿಸಿ. ಖರೀದಿಸುವಾಗ ಟೈಪ್ ಎ ಕೇಳಿ. ಎಲೆಕ್ಟ್ರಾನಿಕ್ ಡ್ರೈವರಿನ ದೋಷದಲ್ಲಿ ಬರುವ ಡಿಸಿ ಮಿಡಿತವನ್ನು ಟೈಪ್ ಎಸಿ ಕೆಲವೊಮ್ಮೆ ಗುರುತಿಸುವುದಿಲ್ಲ. ಇಡೀ ಮನೆಗೆ ಒಂದೇ ಹಾಕಿದರೆ ಪಂಪಿನ ದೋಷಕ್ಕೆ ಫ್ರಿಜ್ ಕೂಡ ಬಂದ್ ಆಗುತ್ತದೆ, ಬೆಳೆಯ ಕೋಣೆಗೆ ಬೇರೆಯೇ ಇರಲಿ. ಮತ್ತೆ, ಆರ್‌ಸಿಸಿಬಿ ಓವರ್‌ಲೋಡ್ ನೋಡುವುದಿಲ್ಲ, ಜೊತೆಗೆ ಎಂಸಿಬಿ ಬೇಕೇ ಬೇಕು.

ಈಗ ಬಿಸಿಲಿನ ವಿಷಯ. ವೈರಿನ ಡಬ್ಬಿ ಮೇಲಿನ ಆಂಪಿಯರ್ ನಂಬಿ ನಮ್ಮೂರಲ್ಲಿ ವೈರಿಂಗ್ ಮಾಡಬಾರದು. ಪಿವಿಸಿ ವೈರಿನ ತಾಮ್ರ 70 ಡಿಗ್ರಿ ದಾಟಬಾರದು, ಪುಸ್ತಕದ ಲೆಕ್ಕ ಹೊರಗೆ 30 ಡಿಗ್ರಿ ಇದ್ದಾಗಿನದು. ಹೊರಗೆ 42 ಇರುವ ದಿನ ಕಾದ ಸ್ಲ್ಯಾಬಿನ ಕೆಳಗಿನ ಪೈಪಿನಲ್ಲಿ 50 ಅಂತ ಹಿಡಿಯಿರಿ. 50ಕ್ಕೆ ಗುಣಿಸಬೇಕಾದ ಅಂಕಿ 0.71. ಪೈಪಿನೊಳಗೆ 17.5 ಆಂಪಿಯರ್ ಹೊರಬಲ್ಲ 1.5 ಸ್ಕ್ವೇರ್ ಎಂಎಂ ತಾಮ್ರದ ವೈರು ಇಲ್ಲಿ 12.4ಕ್ಕೆ ಇಳಿಯುತ್ತದೆ. 2.5ರದ್ದು 24ರಿಂದ 17ಕ್ಕೆ. ಅದೇ ಪೈಪಿನಲ್ಲಿ ಮೂರು ಸರ್ಕ್ಯೂಟ್ ತುರುಕಿದರೆ ಇನ್ನೊಮ್ಮೆ 0.7ರಿಂದ ಗುಣಿಸಿ, 17 ಹೋಗಿ 12 ಆಯಿತು. ಆದ್ದರಿಂದ 1.5ರ ವೈರಿಗೆ 10 ಆಂಪಿಯರಿನ ಎಂಸಿಬಿಗಿಂತ ದೊಡ್ಡದು ಬೇಡ. 2.5ಕ್ಕೆ 16, ಅದೂ ಪೈಪು ಬೇರೆ ಇದ್ದರೆ. ನನ್ನ ಆಯ್ಕೆ ಕೇಳಿದರೆ ಬೆಳೆಯ ಕೋಣೆಯಲ್ಲಿ ಎಲ್ಲವೂ 2.5, ಎಂಸಿಬಿ ಮಾತ್ರ 10. ವೈರಿನ ಬೆಲೆಯ ವ್ಯತ್ಯಾಸಕ್ಕೆ ಜೀವ ಹಿಡಿಯುವವರು ಲೈಟಿನ ರಂಗುರಂಗಿನ ಡಬ್ಬಿಗೆ ಎಷ್ಟು ಕೊಟ್ಟರು ಅಂತ ನೆನೆಸಿಕೊಳ್ಳಲಿ.

ಎಂಸಿಬಿಯನ್ನೂ ಸಾಮಾನ್ಯವಾಗಿ 30 ಡಿಗ್ರಿಗೇ ಹೊಂದಿಸಿರುತ್ತಾರೆ. ಕಾದ ಡಿಬಿಯೊಳಗೆ (ಎಂಸಿಬಿಗಳನ್ನು ಕೂರಿಸುವ ಡಬ್ಬಿ) ಅದು ಬರೆದದ್ದಕ್ಕಿಂತ ಮೊದಲೇ ಬೀಳುತ್ತದೆ. ಮೇ ತಿಂಗಳಲ್ಲಿ ಪದೇ ಪದೇ ಬೀಳತೊಡಗಿದರೆ 32ರದ್ದು ತಂದು ಹಾಕಿಬಿಡುತ್ತಾರೆ. ಬೀಳುವುದು ನಿಲ್ಲುತ್ತದೆ, ಗೋಡೆಯೊಳಗಿನ ವೈರು ಬೇಯತೊಡಗುತ್ತದೆ. ಮಾಡಬೇಕಾದದ್ದು ಲೋಡನ್ನು ಎರಡು ಸರ್ಕ್ಯೂಟಿಗೆ ಹಂಚುವುದು, ಡಿಬಿಯನ್ನು ಬಿಸಿಲು ಬೀಳುವ ಗೋಡೆಯಿಂದ ಸರಿಸುವುದು, ಸ್ಕ್ರೂಗಳನ್ನು ಬಿಗಿ ಮಾಡುವುದು. ಸಡಿಲ ಸ್ಕ್ರೂ ಬಹಳ ಸಲ ಅಸಲಿ ಕಳ್ಳ.

ಲೋಡ್ ಎಷ್ಟು? ನಾಲ್ಕು ರ್ಯಾಕು, ತಲಾ ನಾಲ್ಕು ಅಂತಸ್ತು, ಅಂತಸ್ತಿಗೆ 20 ವ್ಯಾಟಿನ ಎರಡು ಟ್ಯೂಬ್ ಅಂದರೆ 32 ಟ್ಯೂಬ್, 640 ವ್ಯಾಟ್. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.9 ಇದ್ದರೆ 3.1 ಆಂಪಿಯರ್, ಸೋವಿ ಟ್ಯೂಬಿನ 0.5 ಇದ್ದರೆ 5.6. ನೋಡಲು ಸಣ್ಣದೇ. ಆದರೆ 16 ತಾಸು ಬಿಡದೆ ಉರಿಯುತ್ತದೆ, ದಿನಕ್ಕೆ 10 ಯೂನಿಟ್ ಮೇಲೆ. ಮಿಕ್ಸರ್ ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಸಾಕೆಟ್ಟು ಆರುತ್ತದೆ. ಇಲ್ಲಿ ಆರುವ ಪುರಸೊತ್ತೇ ಇಲ್ಲ. 6 ಆಂಪಿಯರಿನ ಎಕ್ಸ್‌ಟೆನ್ಶನ್ ಬಾಕ್ಸಿಗೆ 5.6 ಕಟ್ಟಿದರೆ ಒಳಗಿನ ಹಿತ್ತಾಳೆ ಪಟ್ಟಿ ಕಾದು ಸಡಿಲವಾಗುತ್ತದೆ, ಸಡಿಲವಾದಷ್ಟೂ ಕಾಯುತ್ತದೆ. ಬಿಡದೆ ಓಡುವ ಲೋಡು ಸಾಕೆಟ್ಟಿನ ಶೇ. 80 ಮೀರಬಾರದು. ಇನ್ನು "1000 ವ್ಯಾಟ್" ಅಂತ ಡಬ್ಬಿ ಮೇಲೆ ಬರೆದ ಸೋವಿ ಪ್ಯಾನೆಲ್ ಅದರ ಹತ್ತಿರಕ್ಕೂ ಬರುವುದಿಲ್ಲ. ಲೆಕ್ಕಕ್ಕೆ ಡಬ್ಬಿ ನೋಡಬೇಡಿ, ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್ ಹಿಡಿದು ನೋಡಿ.

ಟೈಮರಿನ ವಿಷಯದಲ್ಲಿ ಮೋಸ ಹೋಗುವವರು ಬಹಳ. ಮೇಲೆ 16 ಆಂಪಿಯರ್ ಅಂತಿರುತ್ತದೆ, ಅದು ಹೀಟರಿನಂಥ ಲೋಡಿಗೆ. ಎಲ್‌ಇಡಿ ಡ್ರೈವರುಗಳು ಆನ್ ಆದ ಕ್ಷಣಕ್ಕೆ, ಒಂದು ಮಿಲಿ ಸೆಕೆಂಡಿಗೂ ಕಮ್ಮಿ ಹೊತ್ತು, ಹತ್ತಾರು ಪಟ್ಟು ಕರೆಂಟ್ ಎಳೆಯುತ್ತವೆ. ದಿನಾ ಹೀಗಾಗಿ ಟೈಮರಿನ ರಿಲೇ ಒಂದು ದಿನ ಅಂಟಿಕೊಳ್ಳುತ್ತದೆ, ಲೈಟು ಆರುವುದೇ ಇಲ್ಲ. ಟೈಮರ್ 25 ಆಂಪಿಯರಿನ ಎರಡು ಪೋಲಿನ ಕಾಂಟ್ಯಾಕ್ಟರನ್ನು (ಕಾಯಿಲಿಗೆ ಕರೆಂಟ್ ಕೊಟ್ಟಾಗ ಆನ್ ಆಗುವ ಗಟ್ಟಿ ಸ್ವಿಚ್) ಎಳೆಯಲಿ, ಕಾಂಟ್ಯಾಕ್ಟರ್ ಲೈಟನ್ನು ಎಳೆಯಲಿ. ಎಂಸಿಬಿ ಸಿ ಕರ್ವ್ (ಕ್ಷಣದ ಎಳೆತಕ್ಕೆ ಬೇಗ ಬೀಳದ ಬಗೆ) ಇರಲಿ, ಬಿ ಕರ್ವ್ ಆದರೆ ಆನ್ ಆಗುವಾಗಲೇ ಬೀಳಬಹುದು.

ಫ್ಯಾನು ಲೈಟಿನ ಸರ್ಕ್ಯೂಟಿನಲ್ಲಿ ಬೇಡವೇ ಬೇಡ. ಲೈಟಿಗೆ ಹೋದ 640 ವ್ಯಾಟ್ ಹೆಚ್ಚುಕಡಿಮೆ ಪೂರ್ತಿ ಕೋಣೆಯ ಕಾವಾಗುತ್ತದೆ. ಒಳಗಿನ ಗಾಳಿ ಹೊರಗಿಗಿಂತ 4 ಡಿಗ್ರಿಯಷ್ಟೇ ಹೆಚ್ಚಿರಲಿ ಅಂದರೂ ಗಂಟೆಗೆ ಸುಮಾರು 480 ಘನ ಮೀಟರ್ ಗಾಳಿ ಹೊರಗೆ ಹೋಗಬೇಕು. ಬಲೆ, ಧೂಳು, ಗೋಡೆಯ ತೂತು ಎಲ್ಲ ಲೆಕ್ಕ ಹಿಡಿದರೆ 12 ಇಂಚಿನ ಎಕ್ಸಾಸ್ಟ್ ಹಾಕುವುದು ವಾಸಿ. ಮೇಲಿನ ಮೂಲೆಯಲ್ಲಿ ಫ್ಯಾನು, ಎದುರಿನ ಗೋಡೆಯ ಕೆಳಗೆ ಗಾಳಿ ಬರುವ ಕಿಂಡಿ. ಫ್ಯಾನು ನಿಂತು ಲೈಟು ಉರಿಯುತ್ತಿದ್ದರೆ ಕೋಣೆ ಬೇಗ ಒಲೆಯಾಗುತ್ತದೆ, ಅದಕ್ಕೇ ಥರ್ಮೋಸ್ಟ್ಯಾಟ್ ಒಂದನ್ನು ಕಾಂಟ್ಯಾಕ್ಟರಿನ ಕಾಯಿಲಿಗೆ ಸಾಲಾಗಿ ಸೇರಿಸಿ. 38 ಡಿಗ್ರಿಗೆ ಲೈಟ್ ಕಟ್ ಆಗಲಿ, ಫ್ಯಾನು ಓಡುತ್ತಿರಲಿ.

ಮತ್ತೆ ಯಾವ ಎಕ್ಸಾಸ್ಟೂ ಹೊರಗಿಗಿಂತ ತಣ್ಣಗೆ ಮಾಡಲಾರದು. ಹೊರಗೆ 42 ಇರುವಾಗ ಮಧ್ಯಾಹ್ನ ಲೈಟು ಹಚ್ಚುವುದೇ ತಪ್ಪು. ಗಿಡಕ್ಕೆ ಬೇಕಾದದ್ದು 16 ತಾಸು ಬೆಳಕು, ಅದು ಗಡಿಯಾರದ ಯಾವ ತಾಸು ಅನ್ನುವುದು ಅದಕ್ಕೆ ಬೇಕಿಲ್ಲ. ಸಂಜೆ 6ಕ್ಕೆ ಹಚ್ಚಿ ಬೆಳಗ್ಗೆ 10ಕ್ಕೆ ಆರಿಸಿ. ವೈರು, ಡ್ರೈವರು, ಎಂಸಿಬಿ, ಗಿಡ ನಾಲ್ಕಕ್ಕೂ ಹಿತ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ನೀರಿನ ಹತ್ತಿರ ಎರಡೇ ಮಾತು. ಪಂಪಿನ ಮತ್ತು ಕೂಲರಿನ ಸಾಕೆಟ್ಟು ನೀರಿನ ಮಟ್ಟಕ್ಕಿಂತ ಮೇಲೆ, ತೊಟ್ಟಿಯ ನೇರಕ್ಕಲ್ಲದೆ ಪಕ್ಕಕ್ಕೆ ಇರಲಿ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಿ ಸೇರಲಿ, ಹನಿ ಆ ತಗ್ಗಿನಲ್ಲೇ ಬೀಳುತ್ತದೆ. ಪ್ಲಗ್ ಕಿತ್ತಿಡದೆ ತೊಟ್ಟಿಗೆ ಕೈ ಹಾಕಬೇಡಿ, ಸ್ವಿಚ್ ಆಫ್ ಸಾಲದು: ಫೇಸ್-ನ್ಯೂಟ್ರಲ್ ಅದಲು ಬದಲಾದ ಬೋರ್ಡಿನಲ್ಲಿ ಆಫ್ ಮಾಡಿದ ಮೇಲೂ ಪಂಪಿನವರೆಗೆ ಫೇಸ್ ಇರುತ್ತದೆ. ತಂತಿ ತಿರುಚಿ ಟೇಪ್ ಸುತ್ತಿದ ಜೋಡಣೆ ಈ ಕೋಣೆಯಲ್ಲಿ ಎಲ್ಲೂ ಬೇಡ, ನಮ್ಮ ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ವೈರು ಪೈಪಿನೊಳಗಿರಲಿ, ಇಲ್ಲದಿದ್ದರೆ ಇಲಿಗಳು ಬಿಡುವುದಿಲ್ಲ.

ಮೂರು ಫೇಸಿನ ಲೈನಿನಲ್ಲಿ ಗಾಳಿ-ಮಳೆಗೆ ನ್ಯೂಟ್ರಲ್ ಕಡಿದರೆ ಮನೆಗೆ 400 ವೋಲ್ಟಿನವರೆಗೂ ಬರಬಹುದು. ಎಂಸಿಬಿ, ಆರ್‌ಸಿಸಿಬಿ ಎರಡೂ ಅದನ್ನು ತಡೆಯುವುದಿಲ್ಲ, ಡ್ರೈವರುಗಳು ಸಾಲಾಗಿ ಸಾಯುತ್ತವೆ. ಡಿಬಿಯಲ್ಲಿ ಓವರ್-ಅಂಡರ್ ವೋಲ್ಟೇಜ್ ರಿಲೇ ಕೂಡಿಸಿ 265ಕ್ಕೆ ಕಟ್ ಆಗುವಂತೆ ಇಡಿ.

ಈ ಕೆಲಸವನ್ನೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ದುಡ್ಡು ಕೊಡುವ ಮೊದಲು ಅವರ ಎದುರಿಗೇ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಬೀಳಬೇಕು. ಆ ಬಟನ್ ಒಳಗಿನ ಯಂತ್ರವನ್ನಷ್ಟೇ ಪರೀಕ್ಷಿಸುತ್ತದೆ, ಅರ್ಥ್ ವೈರನ್ನಲ್ಲ. ಆದ್ದರಿಂದ ಅರ್ಥ್ ಟೆಸ್ಟರ್ ಹಿಡಿಸಿ ಓಮ್ ಎಷ್ಟು ಅಂತ ಡಿಬಿಯ ಬಾಗಿಲ ಒಳಗೆ ತಾರೀಖಿನ ಸಮೇತ ಬರೆಸಿ. ಅಳತೆ ಏಪ್ರಿಲ್‌ನಲ್ಲಿ ಮಾಡಿಸಿ. ಆಗಸ್ಟ್‌ನಲ್ಲಿ ಎಲ್ಲರ ಅರ್ಥಿಂಗೂ ಚೆನ್ನಾಗಿಯೇ ಇರುತ್ತದೆ. ಬಟನ್ ತಿಂಗಳಿಗೊಮ್ಮೆ ನೀವೇ ಒತ್ತಬಹುದು, ಕರೆಂಟ್ ಬಿಲ್ ಬಂದ ದಿನ ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ.